ಮನೆಗೆ ಮಾರಿ, ಊರಿಗೆ ಉಪಕಾರಿ ಅಂತ ಮಗನನ್ನು ಬೈಯುವ ಮುಂಚೆ

ಪ್ರಶ್ನೆ: ನಮ್ಮದು ತಿಪಟೂರು ಹತ್ತಿರದ ಹಳ್ಳಿ, ತೆಂಗಿನ ತೋಟ ಇದೆ. ಮಗ ಬಿಕಾಂ ಎರಡನೇ ವರ್ಷ. ಕಳೆದ ವರ್ಷ ಕಾಲೇಜಿನಲ್ಲಿ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಸೇರಿದ. ಏಳು ದಿನದ ಶಿಬಿರಕ್ಕೆ ಹೋಗಿ ಬಂದ ಮೇಲೆ ಹುಡುಗ ಬೇರೆಯೇ ಆಗಿಬಿಟ್ಟಿದ್ದಾನೆ. ಈಗ ಪ್ರತಿ ಭಾನುವಾರ ಅಪ್ಪನ ಬೈಕ್ ತೆಗೆದುಕೊಂಡು ಪಕ್ಕದ ಊರಿನ ಪಂಚಾಯಿತಿ ಗ್ರಂಥಾಲಯಕ್ಕೆ ಹೋಗುತ್ತಾನೆ, ಮಕ್ಕಳಿಗೆ ಲೆಕ್ಕ, ಓದು ಹೇಳಿಕೊಡುತ್ತಾನೆ. ಒಂದು ರೂಪಾಯಿ ಬರುವುದಿಲ್ಲ, ಪೆಟ್ರೋಲ್ ನಮ್ಮದೇ. ಶಿಬಿರದಲ್ಲಿ ಐವತ್ತು ಜನರ ಪಾತ್ರೆ ತೊಳೆದನಂತೆ, ಮನೆಯಲ್ಲಿ ಮಾತ್ರ ತಾನು ತಿಂದ ತಟ್ಟೆ ಎತ್ತುವುದಿಲ್ಲ. ನಮ್ಮ ಯಜಮಾನರು ‘ಮನೆಗೆ ಮಾರಿ, ಊರಿಗೆ ಉಪಕಾರಿ’ ಅಂತ ದಿನಾ ಬೈಯುತ್ತಾರೆ. ಈ ಸಲ ಇಂಟರ್ನಲ್ಸ್‌ನಲ್ಲಿ ಒಂದು ವಿಷಯದಲ್ಲಿ ಮಾರ್ಕ್ಸ್ ಕೂಡ ಕಡಿಮೆ ಬಂದಿದೆ. ಇದರಿಂದ ಅವನಿಗೆ ನಿಜವಾಗಿ ಏನಾದರೂ ಉಪಯೋಗ ಇದೆಯಾ ಸರ್, ಅಥವಾ ನಿಲ್ಲಿಸು ಅಂತ ಹೇಳಬೇಕಾ?

ಉತ್ತರ: ತಟ್ಟೆಯ ವಿಷಯ ಓದಿ ಜೋರಾಗಿ ನಕ್ಕುಬಿಟ್ಟೆ. ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ಹನ್ನೊಂದು ವರ್ಷ ಎನ್‌ಎಸ್‌ಎಸ್ ಘಟಕ ನೋಡಿಕೊಂಡಿದ್ದೇನೆ. ಶಿಬಿರ ಮುಗಿದ ವಾರಕ್ಕೆ ಸರಿಯಾಗಿ ಯಾರಾದರೂ ಒಬ್ಬ ಅಮ್ಮ ಫೋನ್ ಮಾಡಿ ಇದೇ ಮಾತು ಹೇಳುತ್ತಿದ್ದರು. ಆ ತಟ್ಟೆಯ ಲೆಕ್ಕಕ್ಕೆ ಆಮೇಲೆ ಬರುತ್ತೇನೆ.

ಮೊದಲು ನೇರ ಉತ್ತರ. ನಿಲ್ಲಿಸಬೇಡಿ. ಆದರೆ ‘ಸಮಾಜಸೇವೆ’ ಅಂತ ಬೋರ್ಡು ಹಾಕಿಕೊಂಡ ಎಲ್ಲವೂ ಹುಡುಗರನ್ನು ಬೆಳೆಸುತ್ತದೆ ಅಂತ ನಾನು ಹೇಳುವುದಿಲ್ಲ. ಕೆಲವು ಬೆಳೆಸುತ್ತವೆ, ಕೆಲವು ಬರೀ ಫೋಟೋ ಕೊಡುತ್ತವೆ. ನಿಮ್ಮ ಮಗ ಮಾಡುತ್ತಿರುವುದು ಯಾವುದು ಅಂತ ತಿಳಿಯಲು ಒಂದೇ ಪ್ರಶ್ನೆ ಸಾಕು: ಮುಂದಿನ ಭಾನುವಾರ ಅವನು ಹೋಗದಿದ್ದರೆ ಯಾರಿಗಾದರೂ ತೊಂದರೆ ಆಗುತ್ತದೆಯಾ? ಯಾರಿಗೂ ಏನೂ ಆಗುವುದಿಲ್ಲ ಅನ್ನುವ ಹಾಗಿದ್ದರೆ ಅದು ಕಾಲಹರಣ. ನಾಲ್ಕು ಮಕ್ಕಳು ಗ್ರಂಥಾಲಯದ ಬಾಗಿಲಲ್ಲಿ ನಿಂತು ‘ಅಣ್ಣ ಯಾಕೆ ಬರಲಿಲ್ಲ’ ಅಂತ ಕೇಳುತ್ತಾರೆ ಅನ್ನುವುದಾದರೆ, ಅವನು ಬಿಕಾಂ ತರಗತಿಯಲ್ಲಿ ಸಿಗದ ಏನನ್ನೋ ಅಲ್ಲಿ ಕಲಿಯುತ್ತಿದ್ದಾನೆ.

ಯಾಕೆ ಹೀಗೆ ಹೇಳುತ್ತೇನೆ ಅಂದರೆ, ಕ್ಲಾಸಿನಲ್ಲಿ ಹುಡುಗ ತಪ್ಪು ಮಾಡಿದರೆ ಹೋಗುವುದು ಅವನ ಮಾರ್ಕ್ಸ್ ಮಾತ್ರ. ಇನ್ನೊಬ್ಬರ ಊಟ ಹೋಗುವುದಿಲ್ಲ. ಇಪ್ಪತ್ತು ವರ್ಷದವರೆಗೆ ನಮ್ಮ ಮಕ್ಕಳು ಹೆಚ್ಚುಕಡಿಮೆ ಹೀಗೇ ಬೆಳೆಯುತ್ತಾರೆ, ಆಮೇಲೆ ಒಂದು ದಿನ ಇದ್ದಕ್ಕಿದ್ದಂತೆ ಕೆಲಸಕ್ಕೆ ಸೇರಿ ಹತ್ತು ಜನರ ಜವಾಬ್ದಾರಿ ಹೊತ್ತುಕೊಳ್ಳಬೇಕು ಅಂತ ನಾವು ಬಯಸುತ್ತೇವೆ. ನಡುವಿನ ಮೆಟ್ಟಿಲು ಎಲ್ಲಿದೆ?

ಆ ಮೆಟ್ಟಿಲಿಗೆ ಪುಸ್ತಕದಲ್ಲಿ ‘ಅನೌಪಚಾರಿಕ ಶಿಕ್ಷಣ’ ಅಂತ ಹೆಸರು. 1970ರ ದಶಕದಲ್ಲಿ ಫಿಲಿಪ್ ಕೂಂಬ್ಸ್ ಅನ್ನುವ ಶಿಕ್ಷಣ ತಜ್ಞರು ಮತ್ತು ಅವರ ಜೊತೆಗಾರರು ಕಲಿಕೆಯನ್ನು ಮೂರು ಭಾಗ ಮಾಡಿದರು. ಪಠ್ಯ, ಪರೀಕ್ಷೆ, ಸರ್ಟಿಫಿಕೇಟ್ ಇರುವ ಶಾಲೆ ಕಾಲೇಜು ಒಂದು. ಮನೆಯಲ್ಲಿ, ತೋಟದಲ್ಲಿ, ಸಂತೆಯಲ್ಲಿ ಯಾರೂ ಕಲಿಸದೆ ಕಲಿಯುವುದು ಇನ್ನೊಂದು. ಇವೆರಡರ ಮಧ್ಯೆ, ಶಾಲೆಯ ಹೊರಗೆ, ಆದರೆ ಗುರಿ ಇಟ್ಟುಕೊಂಡು ಕಲಿಯುವುದು ಮೂರನೆಯದು, ಅದೇ ಅನೌಪಚಾರಿಕ ಶಿಕ್ಷಣ. ಸ್ಕೌಟ್ಸ್, ಎನ್‌ಸಿಸಿ, ಬೇಸಿಗೆ ಶಿಬಿರ, ಊರಿನ ನಾಟಕದ ತಂಡ ಎಲ್ಲ ಇದರಲ್ಲೇ ಬರುತ್ತವೆ. ಹೆಗ್ಗೋಡಿನ ನೀನಾಸಂ ನೋಡಿ. 1949ರಲ್ಲಿ ಒಂದು ಹಳ್ಳಿಯ ಹವ್ಯಾಸಿ ತಂಡವಾಗಿ ಶುರುವಾಗಿದ್ದು, ಅಡಿಕೆ ತೋಟದ ನಡುವೆ ಕೂತು ಎಷ್ಟು ತಲೆಮಾರಿಗೆ ನಾಟಕ ನೋಡುವುದು, ಸಿನಿಮಾ ನೋಡುವುದು, ಮಾತಾಡುವುದು ಕಲಿಸಿತು. ಅದನ್ನು ಕಟ್ಟಿ ಬೆಳೆಸಿದ ಕೆ.ವಿ. ಸುಬ್ಬಣ್ಣ ಅವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಈ ಕೆಲಸಕ್ಕೇ.

ಎನ್‌ಎಸ್‌ಎಸ್ ಹುಟ್ಟಿದ್ದು 1969ರ ಸೆಪ್ಟೆಂಬರ್ 24ರಂದು, ಗಾಂಧಿ ಜನ್ಮಶತಮಾನೋತ್ಸವದ ವರ್ಷ. ಮೊದಲು 37 ವಿಶ್ವವಿದ್ಯಾಲಯಗಳಲ್ಲಿ ಶುರುವಾಯಿತು. ಅದಕ್ಕೆ ಚಾಲನೆ ಕೊಟ್ಟ ಆಗಿನ ಕೇಂದ್ರ ಶಿಕ್ಷಣ ಸಚಿವ ವಿ.ಕೆ.ಆರ್.ವಿ. ರಾವ್ ಅವರು ನಮ್ಮ ಬಳ್ಳಾರಿಯಿಂದಲೇ ಲೋಕಸಭೆಗೆ ಹೋಗಿದ್ದವರು ಅನ್ನುವುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಘೋಷವಾಕ್ಯ ‘ನನಗಲ್ಲ, ನಿನಗೆ’. ನನಗೆ ಈ ಮಾತಿನ ಮೇಲೆ ಮೊದಲಿನಿಂದಲೂ ಸಣ್ಣ ತಕರಾರಿದೆ. ಶಿಬಿರದಿಂದ ಹಳ್ಳಿಗೆ ಒಂದು ಪಾಲು ಸಿಕ್ಕರೆ ಹುಡುಗರಿಗೆ ಎರಡು ಪಾಲು ಸಿಗುತ್ತದೆ. ಏಳು ದಿನದಲ್ಲಿ ಐವತ್ತು ಜನ ಸೇರಿ ತೆಗೆದ ಚರಂಡಿಯನ್ನು ಜೆಸಿಬಿ ಅರ್ಧ ದಿನದಲ್ಲಿ ತೆಗೆಯುತ್ತದೆ. ಚರಂಡಿಗಾಗಿಯೇ ಶಿಬಿರ ಮಾಡುವುದಾದರೆ ಮಾಡುವುದೇ ಬೇಡ.

ಹಾಗಾದರೆ ಹುಡುಗರಿಗೆ ಸಿಗುವುದು ಏನು? ಒಂದು ಶಿಬಿರದ ಕಥೆ ಹೇಳುತ್ತೇನೆ.

ಉಗ್ರಾಣದ ಜವಾಬ್ದಾರಿ ಒಬ್ಬ ಹುಡುಗನಿಗೆ ಕೊಟ್ಟಿದ್ದೆ. ಕ್ಲಾಸಿನಲ್ಲಿ ಲೆಕ್ಕಶಾಸ್ತ್ರದಲ್ಲಿ ಅವನೇ ಮುಂದು. ತಲೆಗೆ ಇಷ್ಟು ಗ್ರಾಂ ಅಕ್ಕಿ, ಐವತ್ತು ಜನ, ಏಳು ದಿನ, ಎರಡು ಹೊತ್ತು ಅಂತ ಚೊಕ್ಕವಾಗಿ ಪಟ್ಟಿ ಮಾಡಿಕೊಂಡು ಬಂದಿದ್ದ. ಮೊದಲ ದಿನ ಸರಿ ಹೋಯಿತು. ಎರಡನೇ ದಿನ ಊರಿನ ಏಳೆಂಟು ಮಕ್ಕಳು ಬಂದು ಪಂಕ್ತಿಯಲ್ಲಿ ಕೂತರು. ಮೂರನೇ ದಿನ ಇಪ್ಪತ್ತು ಮಕ್ಕಳು, ಜೊತೆಗೆ ಮೂರು ಅಜ್ಜಂದಿರು. ಕೂತವರನ್ನು ಎಬ್ಬಿಸುವುದಕ್ಕೆ ಆಗುತ್ತದಾ? ಕೊನೆಯ ಪಂಕ್ತಿಗೆ ಅನ್ನ ಇಲ್ಲ. ಬೆಳಗಿನಿಂದ ಗುದ್ದಲಿ ಹಿಡಿದ ಹನ್ನೆರಡು ಹುಡುಗರು ಖಾಲಿ ತಟ್ಟೆ ಇಟ್ಟುಕೊಂಡು ಅವನನ್ನೇ ನೋಡುತ್ತಿದ್ದರು. ಅಡುಗೆ ಭಟ್ಟರು ಗೊಣಗುತ್ತಲೇ ಉಪ್ಪಿಟ್ಟು ಕೆದಕಿದರು, ಅದು ಬರುವಷ್ಟರಲ್ಲಿ ಮೂರೂವರೆ ಗಂಟೆ.

ಆ ರಾತ್ರಿ ಸಭೆಯಲ್ಲಿ ಅವನನ್ನು ಎಲ್ಲರೂ ಸೇರಿ ಹುರಿದುಹಾಕಿದರು. ಅವನು ಅಳು ಮುಖ ಮಾಡಿಕೊಂಡು ‘ಸರ್, ಬೆಳಿಗ್ಗೆ ಬಸ್ಸಿಗೆ ಊರಿಗೆ ಹೋಗ್ತೀನಿ’ ಅಂದ. ನಾನು ಹೋಗು ಅಂತಲೂ ಹೇಳಲಿಲ್ಲ, ಇರು ಅಂತಲೂ ಹೇಳಲಿಲ್ಲ. ಬೆಳಿಗ್ಗೆ ನೋಡಿದರೆ ಬಸ್ ಸ್ಟಾಪಿಗೆ ಹೋಗುವ ಬದಲು ಊರಿನ ಶಾಲೆಗೆ ಹೋಗಿ ಎಷ್ಟು ಮಕ್ಕಳು ಬರಬಹುದು ಅಂತ ಮೇಷ್ಟ್ರನ್ನು ಕೇಳಿಕೊಂಡು ಬಂದಿದ್ದ. ಆಮೇಲೆ ನಾಲ್ಕು ಮನೆಗೆ ಹೋಗಿ, ನಾಚಿಕೆ ಬಿಟ್ಟು, ರಾಗಿ ಹಿಟ್ಟು ಕೇಳಿದ. ಮಧ್ಯಾಹ್ನ ಮುದ್ದೆ, ಸಾರು. ಊರಿನವರೇ ಬಂದು ಮುದ್ದೆ ಕಟ್ಟಿಕೊಟ್ಟರು. ಅವನು ಈಗ ದೊಡ್ಡ ಕೇಟರಿಂಗ್ ನಡೆಸುತ್ತಾನೆ ಅಂತ ಹೇಳಿದ್ದರೆ ಕಥೆ ಚೆನ್ನಾಗಿರುತ್ತಿತ್ತು, ಆದರೆ ಹಾಗೇನೂ ಇಲ್ಲ, ಬ್ಯಾಂಕಿನಲ್ಲಿದ್ದಾನೆ. ಹೋದ ವರ್ಷ ಸಿಕ್ಕಾಗ ‘ಸರ್, ಲೆಕ್ಕ ಸರಿಯಿತ್ತು, ಜನ ಲೆಕ್ಕದಲ್ಲಿರಲಿಲ್ಲ’ ಅಂದ. ನಾನು ಮೂರು ವರ್ಷ ಕ್ಲಾಸಿನಲ್ಲಿ ನಿಂತು ಹೇಳಿದ್ದರೂ ಈ ಮಾತು ಅವನ ಬಾಯಿಂದ ಬರುತ್ತಿರಲಿಲ್ಲ.

ಇಲ್ಲಿ ಇನ್ನೊಂದು ವಿಷಯ ಗಮನಿಸಿ. ಅವನಿಗೆ ಅನ್ನ ಕಡಿಮೆ ಬಿದ್ದದ್ದು ಮಾತ್ರ ಪಾಠ ಅಲ್ಲ. ಆ ರಾತ್ರಿ ಎಲ್ಲರೂ ಕೂತು ಅದರ ಬಗ್ಗೆ ಮಾತಾಡಿದ್ದು ಪಾಠ. ನಾನು ಕಂಡ ಎಷ್ಟೋ ಶಿಬಿರಗಳಲ್ಲಿ ಈ ರಾತ್ರಿ ಸಭೆಯೇ ಇರುವುದಿಲ್ಲ. ಬೆಳಿಗ್ಗೆ ಧ್ವಜಾರೋಹಣ, ಶ್ರಮದಾನ, ಮಧ್ಯಾಹ್ನ ಉಪನ್ಯಾಸ, ಸಂಜೆ ಸಾಂಸ್ಕೃತಿಕ ಕಾರ್ಯಕ್ರಮ, ಮಲಗಿ ಅಷ್ಟೇ. ಹುಡುಗರು ದಣಿಯುತ್ತಾರೆ, ಖುಷಿಪಡುತ್ತಾರೆ, ಕಲಿಯುವುದು ಕಡಿಮೆ. ನಾವು ಊಟ ಆದ ಮೇಲೆ ಅರ್ಧ ಗಂಟೆ ದುಂಡಗೆ ಕೂರುತ್ತಿದ್ದೆವು. ಇವತ್ತು ಏನು ಕೆಟ್ಟಿತು, ನಾಳೆ ಏನು ಬೇರೆ ಮಾಡೋಣ, ಎರಡೇ ಮಾತು. ಯಾರಿಂದ ಕೆಟ್ಟಿತು ಅಂತ ಕೇಳುವುದು ನಿಷೇಧ ಅಂತ ನಿಯಮ ಮಾಡಿದ್ದು ಆ ಉಗ್ರಾಣದ ಹುಡುಗನ ಗಲಾಟೆ ಆದ ಮೇಲೆಯೇ.

ಪಂಕ್ತಿಯ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಮೊದಲ ದಿನ ಹುಡುಗರು ತಟ್ಟೆ ಹಿಡಿದು ತಮ್ಮ ತಮ್ಮವರ ಪಕ್ಕದಲ್ಲೇ ಕೂರುತ್ತಾರೆ. ಜಾತಿ ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ‘ಹಾಸ್ಟೆಲ್ ಫ್ರೆಂಡ್ಸ್’ ಅನ್ನುತ್ತಾರೆ. ಅದಕ್ಕೇ ತಂಡಗಳನ್ನು ಚೀಟಿ ಎತ್ತಿ ಮಾಡಬೇಕು: ಕಾವೇರಿ, ಹೇಮಾವತಿ, ತುಂಗಾ, ಶರಾವತಿ. ಒಂದು ಬಾಂಡ್ಲಿ ಮಣ್ಣನ್ನು ಇಬ್ಬರು ಹೊರಬೇಕು, ಒಂದು ಬಕೆಟ್ ನೀರಿನಲ್ಲಿ ಮೂವರು ಮುಖ ತೊಳೆಯಬೇಕು. ಐದನೇ ದಿನದ ಹೊತ್ತಿಗೆ ಯಾರು ಯಾರ ಪಕ್ಕ ಕೂತಿದ್ದಾರೆ ಅಂತ ನೋಡುವುದೇ ನನಗೆ ಶಿಬಿರದ ಫಲಿತಾಂಶ. ಕೆಲವು ಸಲ ಏನೂ ಬದಲಾಗಿರುವುದಿಲ್ಲ. ಅದೂ ನಿಜವೇ.

ನನ್ನ ದೊಡ್ಡ ಸೋಲನ್ನೂ ಹೇಳಬೇಕು, ಇಲ್ಲದಿದ್ದರೆ ಬರೀ ಹೊಗಳಿದ ಹಾಗಾಗುತ್ತದೆ. ಒಂದು ವರ್ಷ ಜೂನ್ 5ಕ್ಕೆ, ಪರಿಸರ ದಿನ ಅಂತ, ಇನ್ನೂರು ಗಿಡ ನೆಟ್ಟೆವು. ಬ್ಯಾನರ್, ಅತಿಥಿಗಳು, ಪೇಪರಿನಲ್ಲಿ ಫೋಟೋ, ಎಲ್ಲ ಜೋರಾಗಿತ್ತು. ಮಳೆಗಾಲದಲ್ಲಿ ಗಿಡಗಳು ಚಿಗುರಿದವು. ಶಿವರಾತ್ರಿ ಹೊತ್ತಿಗೆ ಹೋಗಿ ನೋಡಿದರೆ ಒಂದೂ ಇಲ್ಲ. ಅರ್ಧ ಮೇಕೆ ತಿಂದಿದ್ದವು, ಉಳಿದದ್ದು ಒಣಗಿತ್ತು. ಯಾಕೆ ಅಂದರೆ ನೆಡುವವರು ಇನ್ನೂರು ಜನ ಇದ್ದರು, ನೀರು ಹಾಕುವವನು ಇಂಥವನು ಅಂತ ಇರಲಿಲ್ಲ. ಮುಂದಿನ ವರ್ಷ ಇಪ್ಪತ್ತೇ ಗಿಡ ನೆಟ್ಟೆವು, ಒಂದೊಂದು ಗಿಡಕ್ಕೂ ಇಬ್ಬರ ಹೆಸರು. ಹನ್ನೊಂದು ಉಳಿದವು. ಆ ಹನ್ನೊಂದು ಗಿಡದಿಂದ ಇಪ್ಪತ್ತೆರಡು ಜನ ಕಲಿತಷ್ಟು, ಹಿಂದಿನ ವರ್ಷದ ಇನ್ನೂರು ಗಿಡದಿಂದ ಯಾರೂ ಕಲಿಯಲಿಲ್ಲ. ಮೊದಲು ಹೇಳಿದ ಪ್ರಶ್ನೆ ನನಗೆ ಹೊಳೆದದ್ದೇ ಆಗ.

ಈಗ ನಿಮ್ಮ ಮಗನ ಗ್ರಂಥಾಲಯಕ್ಕೆ ಬರೋಣ. ಪಂಚಾಯಿತಿ ಗ್ರಂಥಾಲಯಗಳು ಇತ್ತೀಚಿನ ವರ್ಷಗಳಲ್ಲಿ ‘ಅರಿವು ಕೇಂದ್ರ’ ಆಗಿವೆ, ಮಕ್ಕಳಿಗೆ ಪುಸ್ತಕ, ಆಟದ ಸಾಮಾನು ಎಲ್ಲ ಇಡುತ್ತಿದ್ದಾರೆ. ಆದರೆ ಜೊತೆಗೆ ಕೂತು ಹೇಳಿಕೊಡುವ ಒಬ್ಬ ಅಣ್ಣನೋ ಅಕ್ಕನೋ ಇದ್ದಾಗಲೇ ಅದು ಜೀವಂತ. ಇಂಥದ್ದೇ ಒಂದು ಕಡೆ ನನ್ನ ಒಬ್ಬ ವಿದ್ಯಾರ್ಥಿನಿ ಹೋಗುತ್ತಿದ್ದಳು, ಬಿಎಸ್ಸಿ ಗಣಿತ. ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಕಳೆಯುವ ಲೆಕ್ಕ ಹೇಳಿಕೊಡುತ್ತಿದ್ದಾಳೆ, 42ರಲ್ಲಿ 17 ಕಳಿ. ‘ಎರಡರಲ್ಲಿ ಏಳು ಹೋಗಲ್ಲ, ಪಕ್ಕದಿಂದ ಒಂದು ಕಡ ತಗೋ, ಹನ್ನೆರಡು ಆಯ್ತು’ ಅಂದಳು. ಒಂದು ಹುಡುಗಿ ಕೇಳಿದಳು: ‘ಅಕ್ಕ, ಪಕ್ಕದಿಂದ ತಂದಿದ್ದು ಒಂದು, ಇಲ್ಲಿಗೆ ಬಂದ ತಕ್ಷಣ ಹತ್ತು ಹೇಗಾಯ್ತು?’

ಇವಳಿಗೆ ಉತ್ತರ ಬರಲಿಲ್ಲ. ಡಿಫರೆನ್ಷಿಯಲ್ ಈಕ್ವೇಷನ್ ಬಿಡಿಸುವವಳು, ನಾಲ್ಕನೇ ಕ್ಲಾಸಿನ ಪ್ರಶ್ನೆಗೆ ಬೆವರಿದಳು. ಮುಂದಿನ ವಾರ ತೆಂಗಿನ ಪೊರಕೆಯ ಕಡ್ಡಿ ಮುರಿದು, ಹತ್ತು ಹತ್ತಕ್ಕೆ ರಬ್ಬರ್ ಬ್ಯಾಂಡ್ ಹಾಕಿ ಕಂತೆ ಮಾಡಿಕೊಂಡು ಹೋದಳು. ನಾಲ್ಕು ಕಂತೆ, ಎರಡು ಬಿಡಿ ಕಡ್ಡಿ. ಹದಿನೇಳು ಕೊಡು ಅಂದರೆ ಒಂದು ಕಂತೆ ಬಿಚ್ಚಲೇಬೇಕು, ಬಿಚ್ಚಿದರೆ ಹತ್ತು ಕಡ್ಡಿ ಕೈಯಲ್ಲಿ. ಮಗುವಿಗೆ ಅರ್ಥವಾಯಿತು. ಇವಳಿಗೂ ಅವತ್ತೇ ಅರ್ಥವಾಗಿದ್ದು ಅಂತ ಅವಳೇ ಒಪ್ಪಿಕೊಂಡಳು. ತನಗೆ ಗೊತ್ತಿದೆ ಅಂದುಕೊಂಡದ್ದು ನಿಜವಾಗಿ ಗೊತ್ತಿಲ್ಲ ಅಂತ ಗೊತ್ತಾಗುವುದು ಇದೆಯಲ್ಲ, ಅದು ಪರೀಕ್ಷೆಯಲ್ಲಿ ಆಗುವುದಿಲ್ಲ, ಚಿಕ್ಕ ಮಕ್ಕಳ ಎದುರು ಆಗುತ್ತದೆ. ನಿಮ್ಮ ಮಗನನ್ನು ಕೇಳಿ ನೋಡಿ, ಅವನ ಹತ್ತಿರವೂ ಇಂಥದ್ದೊಂದು ಇರುತ್ತದೆ. ‘ಎಷ್ಟು ಜನ ಬಂದಿದ್ದರು’ ಅಂತ ಕೇಳಬೇಡಿ, ‘ಇವತ್ತು ಯಾವ ಮಗು ನಿನ್ನ ಬಾಯಿ ಮುಚ್ಚಿಸಿತು’ ಅಂತ ಕೇಳಿ.

ಸರಿ, ತಟ್ಟೆ. ಶಿಬಿರದಲ್ಲಿ ಪಾತ್ರೆ ತೊಳೆಯುವ ಸರದಿ ಅವನ ತಂಡದ್ದು. ಅವನು ತೊಳೆಯದಿದ್ದರೆ ಮರುದಿನ ಬೆಳಿಗ್ಗೆ ಅವಲಕ್ಕಿಗೆ ಪಾತ್ರೆ ಇಲ್ಲ. ಮನೆಯಲ್ಲಿ ಅವನು ತಟ್ಟೆ ಎತ್ತದಿದ್ದರೆ ಏನಾಗುತ್ತದೆ? ಐದು ನಿಮಿಷದಲ್ಲಿ ನೀವೇ ಎತ್ತುತ್ತೀರಿ, ಅಲ್ವಾ? ತಪ್ಪು ತಿಳಿಯಬೇಡಿ, ನಮ್ಮ ಮನೆಯಲ್ಲೂ ಹಾಗೇ ಇತ್ತು. ನಿಮ್ಮ ಮಗನಿಗೆ ಊರಿನ ಮೇಲೆ ಪ್ರೀತಿ ಜಾಸ್ತಿ, ಮನೆಯ ಮೇಲೆ ಕಡಿಮೆ ಅಂತ ಅಲ್ಲ. ಊರಿನವರು ಅವನನ್ನು ನಂಬಿ ಒಂದು ಕೆಲಸ ಬಿಟ್ಟಿದ್ದಾರೆ, ಮನೆಯಲ್ಲಿ ಅವನಿಗೆ ಇನ್ನೂ ‘ಎತ್ತು, ಇಡು, ತಾ’ ಮಾತ್ರ. ‘ಎತ್ತು’ ಅನ್ನುವುದು ಆಜ್ಞೆ, ಜವಾಬ್ದಾರಿ ಅಲ್ಲ. ನಿಮ್ಮದು ತೆಂಗಿನ ತೋಟ, ಹುಡುಗ ಬಿಕಾಂ. ಈ ವರ್ಷದ ಕೊಬ್ಬರಿ ಲೆಕ್ಕ ಪೂರ್ತಿ ಅವನ ಕೈಗೆ ಕೊಡಿ: ಕೀಳುವವರ ಕೂಲಿ, ಸುಲಿಯುವವರ ಕೂಲಿ, ಮಾರುಕಟ್ಟೆಗೆ ಸಾಗಿಸಿದ ಬಾಡಿಗೆ, ಬಂದ ರೇಟು. ತಪ್ಪಿದರೆ ಯಜಮಾನರು ತಕ್ಷಣ ಕಸಿದುಕೊಳ್ಳಬಾರದು. ಅದು ಕಷ್ಟ ಅಂತ ನನಗೆ ಗೊತ್ತು.

ತಟ್ಟೆಯನ್ನು ಮಾತ್ರ ನೀವು ನಾಳೆಯಿಂದ ಎತ್ತಬೇಡಿ.

ಮಾರ್ಕ್ಸ್ ವಿಷಯ. ಎನ್‌ಎಸ್‌ಎಸ್‌ನಲ್ಲಿ ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240 ಗಂಟೆ ಕೆಲಸ, ಜೊತೆಗೆ ಏಳು ದಿನದ ವಿಶೇಷ ಶಿಬಿರ. 120 ಗಂಟೆಯನ್ನು ಕಾಲೇಜು ನಡೆಯುವ ನಲವತ್ತು ವಾರಕ್ಕೆ ಹಂಚಿದರೆ ವಾರಕ್ಕೆ ಮೂರು ಗಂಟೆ. ವಾರಕ್ಕೆ ಮೂರು ಗಂಟೆಯಿಂದ ಒಂದು ವಿಷಯದ ಮಾರ್ಕ್ಸ್ ಬೀಳುವುದು ನನಗೇನೋ ಅನುಮಾನ, ಆ ವಿಷಯವೇ ಕಷ್ಟ ಇರಬಹುದು, ಮೊಬೈಲ್ ಇರಬಹುದು. ಆದರೆ ಸೇವೆಯ ಹೆಸರಿನಲ್ಲಿ ಓದಿನಿಂದ ತಪ್ಪಿಸಿಕೊಳ್ಳುವ ಹುಡುಗರೂ ಇದ್ದಾರೆ. ಅದಕ್ಕೆ ಒಂದು ಗುರುತು: ಭಾನುವಾರದ ಮೂರು ಗಂಟೆ ಮೆಲ್ಲಗೆ ಬುಧವಾರಕ್ಕೂ ಶುಕ್ರವಾರಕ್ಕೂ ಹರಡುತ್ತದೆ, ಯಾವಾಗ ಕೇಳಿದರೂ ‘ಮೀಟಿಂಗ್ ಇದೆ’ ಅನ್ನುತ್ತಾನೆ. ಹಾಗಾದರೆ ಕೂರಿಸಿ ಮಾತಾಡಿ. ಪರೀಕ್ಷೆಗೆ ಒಂದು ತಿಂಗಳು ಇರುವಾಗ ಗ್ರಂಥಾಲಯ ನಿಲ್ಲಿಸಲಿ, ಆದರೆ ಸುಮ್ನೆ ಮಾಯವಾಗಬಾರದು, ಮಕ್ಕಳಿಗೆ ಹೇಳಿ, ತನ್ನ ಬದಲು ಬರುವವರನ್ನು ಗೊತ್ತುಮಾಡಿ ನಿಲ್ಲಿಸಲಿ.

ಕೆಲಸಕ್ಕೆ ಉಪಯೋಗ ಆಗುತ್ತದಾ ಅಂತ ನೀವು ಕೇಳಿಲ್ಲ, ಯಜಮಾನರು ಖಂಡಿತ ಕೇಳುತ್ತಾರೆ. ಕಾಗದದ ಲೆಕ್ಕದಲ್ಲಿ ಎನ್‌ಸಿಸಿಗೆ ತೂಕ ಜಾಸ್ತಿ. ‘ಸಿ’ ಸರ್ಟಿಫಿಕೇಟ್ ಇದ್ದವರಿಗೆ ಸೇನಾ ಅಧಿಕಾರಿ ಹುದ್ದೆಗೆ ಲಿಖಿತ ಪರೀಕ್ಷೆ ಇಲ್ಲದೆ ನೇರ ಸಂದರ್ಶನಕ್ಕೆ ಹೋಗುವ ದಾರಿ ಇದೆ, ಸಿಇಟಿಯಲ್ಲಿ ಎನ್‌ಸಿಸಿಗೂ ಸ್ಕೌಟ್ಸ್‌ಗೂ ವಿಶೇಷ ವರ್ಗದ ಸೀಟುಗಳಿವೆ. ಎನ್‌ಎಸ್‌ಎಸ್ ಸರ್ಟಿಫಿಕೇಟ್ ಅಷ್ಟು ಬಾಗಿಲು ತೆರೆಯುವುದಿಲ್ಲ. ಆದರೆ ಸಂದರ್ಶನದಲ್ಲಿ ‘ನೀನು ಎದುರಿಸಿದ ಒಂದು ಕಷ್ಟದ ಪರಿಸ್ಥಿತಿ ಹೇಳು’ ಅಂತ ಕೇಳಿದಾಗ ಎಷ್ಟೋ ಹುಡುಗರು ಬಾಯಿಪಾಠ ಒಪ್ಪಿಸುತ್ತಾರೆ, ನಮ್ಮ ಉಗ್ರಾಣದ ಹುಡುಗ ಅನ್ನ ಮುಗಿದ ಕಥೆ ಹೇಳಿದನಂತೆ.

ಇನ್ನು ಎಚ್ಚರದ ಮಾತು, ಬೇಗ ಮುಗಿಸುತ್ತೇನೆ. ಸೇವೆ ಬೇರೆ, ಬಿಟ್ಟಿ ಚಾಕರಿ ಬೇರೆ. ನಮ್ಮ ಹಿರಿಯರು ಮುಯ್ಯಾಳು ಅಂತ ಮಾಡುತ್ತಿದ್ದರು, ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಅಲ್ಲಿ ದುಡ್ಡು ಇರಲಿಲ್ಲ, ಆದರೆ ಯಾರೂ ಅದನ್ನು ಬಿಟ್ಟಿ ಅನ್ನುತ್ತಿರಲಿಲ್ಲ, ತಿರುಗಿ ಬರುವುದು ಇತ್ತು. ಹುಡುಗನಿಂದ ತಿಂಗಳುಗಟ್ಟಲೆ ಡೇಟಾ ಎಂಟ್ರಿ ಮಾಡಿಸಿಕೊಂಡು ‘ಅನುಭವ ಸಿಗುತ್ತೆ’ ಅನ್ನುವವರ ಹತ್ತಿರ ಹೋಗಬಾರದು. ಸ್ವಯಂಸೇವಕ ಸರ್ಟಿಫಿಕೇಟ್ ಕೊಡುತ್ತೇವೆ, ಇಷ್ಟು ಫೀಸ್ ಕಟ್ಟಿ ಅನ್ನುವವರ ಹತ್ತಿರ ಹೋಗಲೇಬಾರದು. ಶಿಬಿರದ ಜಾಗದ ಪಕ್ಕ ಕೆರೆ, ಹೊಳೆ, ತೆರೆದ ಬಾವಿ ಇದೆಯಾ ಅಂತ ಮೊದಲೇ ಕೇಳಿ. ಶ್ರಮದಾನ ಮುಗಿದ ಮೇಲೆ ಬೆವರಿದ ಹುಡುಗರು ನೀರು ಕಂಡರೆ ನಿಲ್ಲುವುದಿಲ್ಲ, ನನ್ನ ಹನ್ನೊಂದು ವರ್ಷದಲ್ಲಿ ನಾನು ರಾತ್ರಿ ನಿದ್ದೆಗೆಟ್ಟದ್ದು ಊಟಕ್ಕಲ್ಲ, ಕೆರೆಗೆ. ಹೆಣ್ಣುಮಕ್ಕಳು ಇದ್ದರೆ ಜೊತೆಗೆ ಮಹಿಳಾ ಅಧ್ಯಾಪಕರು ರಾತ್ರಿಯೂ ಇರುತ್ತಾರಾ ಅಂತ ಕೇಳುವುದು ಅನುಮಾನ ಅಲ್ಲ, ಅದು ನಿಮ್ಮ ಹಕ್ಕು.

ಭಾನುವಾರ ಅಂಗಡಿಯಲ್ಲೋ ಹೋಟೆಲ್ಲಿನಲ್ಲೋ ದುಡಿದು ಫೀಸು ಕಟ್ಟಿಕೊಳ್ಳುವ ಹುಡುಗರೂ ನನ್ನ ಕ್ಲಾಸಿನಲ್ಲಿದ್ದರು. ಅವರು ಯಾವ ಶಿಬಿರಕ್ಕೂ ಬರಲಿಲ್ಲ, ಆದರೆ ಗಿರಾಕಿ ಜಗಳ ಮಾಡಿದರೆ ಹೇಗೆ ಸಮಾಧಾನ ಮಾಡಬೇಕು ಅಂತ ಶಿಬಿರದ ನಾಯಕರಿಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು. ನಿಮ್ಮ ಮಗನಿಗೆ ಪುಕ್ಕಟೆ ಕೆಲಸ ಮಾಡುವಷ್ಟು ಬಿಡುವು ಸಿಕ್ಕಿರುವುದು ನಿಮ್ಮ ತೋಟದಿಂದ, ನಿಮ್ಮ ಪೆಟ್ರೋಲಿನಿಂದ. ಇದನ್ನು ಅವನಿಗೆ ಒಂದು ಸಲ ಮೆಲ್ಲಗೆ ಹೇಳಿ, ಬೈದು ಅಲ್ಲ.

ಯಜಮಾನರ ಬಗ್ಗೆ ಒಂದು ಉಪಾಯ ಇದೆ. ಮುಂದಿನ ಭಾನುವಾರ ಏನೋ ಒಂದು ಕೆಲಸ ಹೇಳಿ ಅವರನ್ನು ಆ ಊರಿಗೆ ಕಳಿಸಿ. ಮಗನಿಗೆ ಹೇಳಬೇಡಿ. ಗ್ರಂಥಾಲಯದ ಕಿಟಕಿ ಹತ್ತಿರ ಹತ್ತು ನಿಮಿಷ ನಿಂತು ನೋಡಿಕೊಂಡು ಬರಲಿ. ಬೈಕ್ ಮಗನ ಹತ್ತಿರ ಇರುತ್ತದೆ, ಹಾಗಾಗಿ ಬಸ್ಸಿಗೇ ಹೋಗಬೇಕಾಗುತ್ತದೆ. ಬಸ್ ಚಾರ್ಜಿಗೆ ಬೇರೆ ಬೈಸಿಕೊಳ್ಳುವುದಕ್ಕೆ ತಯಾರಾಗಿರಿ.